ರಿಸೆಪ್ಷನ್ನಿಗೆ ರಾ, ಮುಹೂರ್ತಕ್ಕೆ ಜೆಪೆಗ್

"ಹೆಸರಿಗೆ ಸತ್ಯಭಾಮಾ. ಬಾಯೂ ಬಿಡಲ್ಲ, ಕೈನೂ ಓಡಲ್ಲ," ಎಂದರು ಸ್ಟುಡಿಯೋ ಮಾಲೀಕ ಕೈಲಾಸ್, ನನ್ನ ಕಡೆ ಕೈ ತೋರಿಸಿ. "ಎಡಿಟಿಂಗ್‌ನಲ್ಲಿ ಮುಹೂರ್ತದ ಫೋಟೋನ ಇವಳೇ ಹಾಳ್ ಮಾಡ್ಬಿಟ್ಟಿದ್ದು ಮೇಡಂ."

ಮೇಡಂ ಎಂದರೆ ಕಮಲಾದೇವಿ. ಮಗಳ ಮದುವೆ ಆಲ್ಬಮ್ಮಿಗಾಗಿ ಯಡಿಯೂರಿನಿಂದ ಜಯನಗರದ ನಮ್ಮ ಸ್ಟುಡಿಯೋಗೆ ಅಲೆದಲೆದು ಸಾಕಾಗಿದ್ದರು.

ನನ್ನ ಕಿವಿ ಕಾದುಹೋಯಿತು. ಕ್ಯಾಮೆರಾ ಕಂಡದ್ದನ್ನೆಲ್ಲ ರಾ ಫೈಲು ಇಟ್ಟುಕೊಂಡಿರುತ್ತದೆ. ಜೆಪೆಗ್ ಬೇಡವೆನಿಸಿದ್ದನ್ನು ಅಲ್ಲೇ ಎಸೆದು, ಉಳಿದದ್ದನ್ನು ಅದುಮಿ ಚಿಕ್ಕದು ಮಾಡುತ್ತದೆ. ಮೆಮೊರಿ ಕಾರ್ಡು ತುಂಬೀತೆಂದು ಈ ಮನುಷ್ಯ ಮಾಂಗಲ್ಯಧಾರಣೆಯನ್ನು ಜೆಪೆಗ್‌ನಲ್ಲಿ ತೆಗೆದು, ರಾ ಅನ್ನು ರಿಸೆಪ್ಷನ್ನಿಗೆ ಮೀಸಲಿಟ್ಟಿದ್ದರು. ಆಲ್ಬಮ್ಮಿನ ಮುಖಪುಟ ಅಲ್ಲಿಂದ ತಾನೇ! ಮುಹೂರ್ತದಲ್ಲಿ ಫ್ಲ್ಯಾಶ್ ಜೋರಾಗಿ ಬಿದ್ದು ಮದುಮಗಳ ಮುಖವೇ ಬೆಳ್ಳಗೆ ಅಳಿಸಿಹೋಗಿತ್ತು.

"ರಿಸೆಪ್ಷನ್ ಫೋಟೋದಿಂದ ಮುಖ ತೆಗೆದು ಇಲ್ಲಿ ಕೂರಿಸ್ತಾಳೆ ಮೇಡಂ. ನಗ್ತಾ ಇರೋ ಮುಖ, ಸಖತ್ತಾಗಿರುತ್ತೆ."

"ನಗ್ತಾ? ತಾಳಿ ಕಟ್ಟೋವಾಗ ಅವಳು ಅಳ್ತಿದ್ಲಲ್ರೀ."

"ಅಳೋ ಮುಖ ಯಾರಿಗೆ ಬೇಕು, ಬಿಡಿ ಮೇಡಂ."

ಆ ಮಾತಿಗೆ ನನ್ನ ತಾಳ್ಮೆ ತಪ್ಪಿತು. ಮಾನಿಟರನ್ನು ಕಮಲಾದೇವಿಯವರ ಕಡೆ ತಿರುಗಿಸಿದೆ.

"ಇದು ರಿಸೆಪ್ಷನ್ದು ಆಂಟಿ, ರಾ ಫೈಲು. ಇಲ್ಲೂ ಹಣೆ ಬೆಳ್ಳಗಾಗಿದೆ. ನೋಡ್ತಿರಿ."

ಬೆಳಕು ಇಳಿಸಿದೆ. ಕುಂಕುಮ, ಬೈತಲೆಬೊಟ್ಟು, ಹಣೆಯಂಚಿನ ಬೆವರು ಮೆಲ್ಲಗೆ ಹೊರಬಂದವು. ಮುಹೂರ್ತದ ಫೋಟೋದಲ್ಲೂ ಅಷ್ಟೇ ಇಳಿಸಿದೆ. ಬಿಳಿ ಹೋಗಿ ಬೂದಿ ಬಣ್ಣವಾಯಿತು. ಕೆನ್ನೆಯ ಅಂಚು ಚೌಕ ಚೌಕವಾಗಿ ಒಡೆಯಿತು.

"ಇದನ್ನ ಜೆಪೆಗ್‌ನಲ್ಲಿ ತೆಗೆದೋರು ಇವರು. ನಾನಲ್ಲ."

"ಏಯ್, ಬಾಯಿ ಮುಚ್ಚು!"

"ಇಷ್ಟು ದಿನ ಮುಚ್ಕೊಂಡೇ ಇದ್ದೆನಲ್ಲ ಸಾರ್."

ಕಮಲಾದೇವಿ ನಮ್ಮಿಬ್ಬರನ್ನೂ ನೋಡಲಿಲ್ಲ. ಪರದೆಯ ಬೂದಿ ಕಲೆಯ ಮೇಲೆ ಬೆರಳಿಟ್ಟರು. "ಹಂಗಾದ್ರೆ ಇನ್ನು ಬರೋದೇ ಇಲ್ವಾ ಪುಟ್ಟಾ?"

"ಬರುತ್ತೆ ಮೇಡಂ, ಅದಕ್ಕೊಂದು ಟೆಕ್ನಿಕ್ ಇದೆ..."

"ಬರಲ್ಲ ಆಂಟಿ," ಎಂದೆ.

ಅವರು ಸ್ಟೂಲು ಎಳೆದುಕೊಂಡು ಕೂತರು. "ಬೇರೆ ಮುಖ ಅಂಟಿಸ್ಬೇಡ. ಹೀಗೇ ಹಾಕು. ಪಕ್ಕದಲ್ಲಿ ಅವಳಪ್ಪನ ಕೈ ಆದ್ರೂ ಕಾಣ್ತಿದೆ," ಎಂದರು.

ಗೆದ್ದೆ ಅನಿಸಬೇಕಿತ್ತು. ಅನಿಸಲಿಲ್ಲ. ಮುಖವಿಲ್ಲದ ಮದುಮಗಳನ್ನು ಆಲ್ಬಮ್ಮಿನ ಪುಟಕ್ಕೆ ಎಳೆದು ಹಾಕುವಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ.