ಲೋಬಾನದ ಹೊಗೆ

ಗುರುವಾರ ಸಂಜೆ ಐದೂವರೆಗೆ ಹುಲಗೇಶನ ಲಾರಿ ಮತ್ತೆ ನಿಂತುಹೋಯಿತು.

ಹಳೇ ಹುಬ್ಬಳ್ಳಿಯ ಓಣಿಯಲ್ಲಿ, ಸೋಮಪ್ಪನ ಗ್ಯಾರೇಜಿನ ಮುಂದೆ ಬಾನೆಟ್ ಎತ್ತಿಕೊಂಡು ನಿಂತಿದ್ದ ಆ ಪೆಟ್ರೋಲ್ ಲಾರಿ ಅರವತ್ತರ ದಶಕದ್ದು. ಮದುವೆ ಮೆರವಣಿಗೆಗಳಿಗೆ ಹೋಗುತ್ತಿತ್ತು. ವಾರದಿಂದ ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ಸಾಕು, ಇಂಜಿನ್ ಗಡಗಡ ನಡುಗಿ ಸಾಯುತ್ತಿತ್ತು. ಸೋಮಪ್ಪ ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ಪೆಟ್ರೋಲ್ ಹೆಚ್ಚಿಸುವ ಸ್ಕ್ರೂವನ್ನು ದಿನವೂ ಇಷ್ಟಿಷ್ಟು ತಿರುಗಿಸಿದ. ಹೊಗೆ ಕಪ್ಪಾಯಿತೇ ಹೊರತು ನಡುಕ ನಿಲ್ಲಲಿಲ್ಲ.

"ಸಾಕ್ ಬಿಡ್ರಿ ಕಾಕಾ. ನಾಳೆ ಮುಂಜಾನೆ ಟೋಚನ್ ಹಾಕಿ ಎಳಕೊಂಡು ಲಕಮನಹಳ್ಳಿ ಗ್ಯಾರೇಜಿಗೆ ಒಯ್ತೇನಿ. ಈ ಇಂಜಿನ್ ಕಿತ್ತು ಡೀಸೆಲ್ಲಿಂದು ಕೂಡಸ್ತಾರಂತ" ಎಂದ ಹುಲಗೇಶ. "ಅಪ್ಪ ಓಡಿಸಿದ ಗಾಡಿ ಅಂತ ಇಷ್ಟ್ ದಿನಾ ತಡದೆ."

"ಏನಂದಿ?"

"ಡೀಸೆಲ್ ಅಂದೆ, ಡೀಸೆಲ್!"

ಸೋಮಪ್ಪ ಮುಖ ತಿರುಗಿಸಿದ. ಇಂಜಿನ್ ಉಸಿರೆಳೆಯುವ ನಳಿಕೆಗಳಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟರೂ ಹೊರಗಿನ ಗಾಳಿ ಒಳನುಗ್ಗಿ ಹೀಗೇ ಆಗುತ್ತದೆ. ಸೀಳಿದ್ದಲ್ಲಿ ಸಣ್ಣ ಸುಯ್ಯೆನ್ನುವ ಸದ್ದು. ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಇಂಜಿನ್ ಮೇಲೆ ಆಡಿಸುತ್ತ ಅವನು ಆಯುಷ್ಯವಿಡೀ ಆ ಸದ್ದನ್ನು ಹಿಡಿದಿದ್ದ. ಹೋದ ವರ್ಷದಿಂದ ಸಣ್ಣ ಸದ್ದುಗಳು ಅವನ ಕಿವಿಗೆ ಬೀಳುತ್ತಿರಲಿಲ್ಲ. ಹೆಂಡತಿ ಈರವ್ವನಿಗೂ ಹೇಳಿರಲಿಲ್ಲ. ಈ ಲಾರಿಯಲ್ಲಿ ಫ್ಯಾನಿನ ಗದ್ದಲ ತಪ್ಪಲೆಂದು ಬೆಲ್ಟನ್ನೇ ಬಿಚ್ಚಿಟ್ಟು ಆಲಿಸಿದ್ದ. ಏನೂ ಕೇಳದಿದ್ದಾಗ, ಸೋರಿಕೆಯೇ ಇಲ್ಲವೆಂದು ತನಗೆ ತಾನೇ ಹೇಳಿಕೊಂಡು ಸ್ಕ್ರೂ ಹಿಡಿದಿದ್ದ.

"ಇನ್ನೊಮ್ಮೆ ಚಾಲೂ ಮಾಡು" ಎಂದ. "ಕಾಲು ಪೂರಾ ತೆಗೀಬ್ಯಾಡ."

ಲಾರಿ ಕೆಮ್ಮುತ್ತ ಶುರುವಾಯಿತು. ಅದೇ ಹೊತ್ತಿಗೆ ಓಣಿಯ ತಿರುವಿನಲ್ಲಿ ಮಲ್ಲಿಕಸಾಬ ಕಂಡ. ಗುರುವಾರ ಸಂಜೆ ಅಂಗಡಿ ಅಂಗಡಿಗೂ ಲೋಬಾನದ ಧೂಪ ಹಾಕುವುದು ಅವನ ಪದ್ಧತಿ. ಒಂದು ಕೈಯಲ್ಲಿ ಕೆಂಡದ ಧೂಪಾರತಿ, ಇನ್ನೊಂದರಲ್ಲಿ ನವಿಲುಗರಿಯ ಕಟ್ಟು.

"ಅಲ್ಲೇ ನಿಂದರಪಾ, ಪೆಟ್ರೋಲ್ ಐತಿ!" ಸೋಮಪ್ಪ ಕೂಗಿದ.

"ಔಷಧ ಮುಗೀತು, ಇನ್ನ ದೇವರ ದುವಾನ ಏನ್ರಿ ಕಾಕಾ?" ಹುಲಗೇಶ ಒಳಗಿಂದ ನಕ್ಕ.

ಮಲ್ಲಿಕಸಾಬ ರಸ್ತೆಯ ಆಚೆಯೇ ನಿಂತು ಗರಿ ಬೀಸಿದ. ಬಿಳಿ ಹೊಗೆ ತೇಲಿ ಬಂದು ತೆರೆದ ಬಾನೆಟ್ಟಿನ ಕೆಳಗೆ, ಬೆಲ್ಟಿಲ್ಲದ ಫ್ಯಾನ್ ತಿರುಗದ್ದರಿಂದ ಚದುರದೆ, ಸೋಮಾರಿಯಾಗಿ ಹರಡಿತು. ಸೋಮಪ್ಪ ಅದನ್ನು ಕೈಯಿಂದ ದೂಡಲು ಹೋಗಿ ತಡೆದುಕೊಂಡ.

ಹೊಗೆಯ ಒಂದು ಎಳೆ ಉಳಿದದ್ದರಿಂದ ಬೇರೆಯಾಗಿತ್ತು. ಸೂಜಿಗಣ್ಣಿಗೆ ದಾರ ಹೊಕ್ಕಂತೆ ಅದು ನೆಟ್ಟಗಾಗಿ, ಕಾರ್ಬ್ಯುರೇಟರಿನ ಹಿಂದೆ ಬಾಗಿ, ಒಂದು ರಬ್ಬರ್ ಪೈಪಿನ ಕ್ಲಿಪ್ಪಿನ ಕೆಳಗೆ ಮಾಯವಾಗುತ್ತಿತ್ತು. ಮತ್ತೊಂದು ಎಳೆ ಬಂತು. ಅದೂ ಅಲ್ಲೇ ಹೋಯಿತು. ಇಷ್ಟು ವರ್ಷ ಕಿವಿಯಿಂದ ಹಿಡಿದಿದ್ದನ್ನು ಸೋಮಪ್ಪ ಕಣ್ಣಿಂದ ನೋಡಿದ್ದು ಅದೇ ಮೊದಲು. ಲಾರಿ ಉಸಿರೆಳೆಯುತ್ತಿತ್ತು, ಆ ಉಸಿರು ಕಾಣುತ್ತಿತ್ತು.

ಕೈ ಚಾಚಿ, ಕ್ಲಿಪ್ಪಿನಡಿಯ ರಬ್ಬರಿನ ಮೇಲೆ ಬೆರಳೊತ್ತಿದ. ಮಡ್‌ಗಾರ್ಡಿಗೆ ಆನಿಸಿದ್ದ ಅವನ ಇನ್ನೊಂದು ಅಂಗೈಯ ಕೆಳಗೆ ನಡುಕ ಇಳಿಯಿತು.

"ಕಾಲು ತೆಗಿ!"

"ಸಾಯ್ತೇತ್ರಿ!"

"ತೆಗಿ ಅಂದ್ನೆಲ್ಲ!"

ಹುಲಗೇಶ ತೆಗೆದ. ಇಂಜಿನ್ ನಿಲ್ಲಲಿಲ್ಲ. ಅವನು ಕೆಳಗಿಳಿದು ಬಂದು, ಬಾಯಿ ತೆರೆದು ನೋಡಿದ.

"ಏನ್ ಮಂತ್ರ ಓದಿದ್ಯೋ ಮಲ್ಲಿಕ್ಯಾ?" ಸೋಮಪ್ಪ ಕೇಳಿದ.

"ನಾ ಏನ್ ಓದ್ಲಿ ಮಾರಾಯಾ? ಹೊಗಿ ತನ್ನ ಹಾದಿ ತಾನ ಹಿಡೀತು" ಎಂದು ಮಲ್ಲಿಕಸಾಬ ಮುಂದಿನ ಅಂಗಡಿಗೆ ನಡೆದ.

ಸೀಳಿದ ಪೈಪು ಬದಲಾಯಿತು. ವಾರವಿಡೀ ತಿರುಗಿಸಿದ ಸ್ಕ್ರೂವನ್ನು ಸೋಮಪ್ಪ ಹಿಂದಕ್ಕೆ ತಂದ. ಹುಲಗೇಶ ಅವನ ಮಗ್ಗುಲಿಗೆ ಬಂದು, ಸಣ್ಣ ದನಿಯಲ್ಲಿ, "ಕಾಕಾ, ನಿಮಗ ಕಿವಿ ಕೇಳೂದಿಲ್ಲೇನ್ರಿ?" ಎಂದ. ಸೋಮಪ್ಪ ಇಂಜಿನ್ ನೋಡುತ್ತಲೇ ಇದ್ದ. ಹುಲಗೇಶ ಚಹಾ ತಂದು, ಅರ್ಧ ಗ್ಲಾಸನ್ನು ಓಡುತ್ತಿದ್ದ ಇಂಜಿನ್ ತಲೆಯ ಮೇಲಿಟ್ಟ. ಚಹಾದಲ್ಲಿ ಸಣ್ಣ ಸುಕ್ಕೂ ಏಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಹುಲಗೇಶ ಲಾರಿಯನ್ನು ತಾನೇ ನಡೆಸಿಕೊಂಡು ಮನೆಗೆ ಹೋದ. ಮುಂದಿನ ಗುರುವಾರ ಸಂಜೆ ಮಲ್ಲಿಕಸಾಬ ಓಣಿ ತಿರುಗುವ ಹೊತ್ತಿಗೆ, ಸೋಮಪ್ಪ ಹಳೆಯ ಜೀಪೊಂದರ ಬಾನೆಟ್ ಎತ್ತಿ, ಫ್ಯಾನ್ ಬೆಲ್ಟ್ ಬಿಚ್ಚಿಟ್ಟು, ಕಾಯುತ್ತ ಕೂತಿದ್ದ.