ಮೂರನೇ ಸಾಲಿನ ಬಿರುಕು

ಗಾಯಕಿಗೆ ಹೆಸರು ಬಂದದ್ದು ಒಂದು ನೆಗಡಿಯಿಂದ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಹಾಡು ರೆಕಾರ್ಡ್ ಆದ ದಿನ ಮೂಗು ಕಟ್ಟಿ, ಮೂರನೇ ಸಾಲಿನಲ್ಲಿ ದನಿ ಒಡೆದುಹೋಯಿತು. ಇನ್ನೊಮ್ಮೆ ಹಾಡೋಣವೆಂದರೆ ಸ್ಟುಡಿಯೊ ಬಾಗಿಲಲ್ಲಿ ಮುಂದಿನ ಸರದಿಯವರು ಬಂದು ನಿಂತಿದ್ದರು. ಅವಳ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ ಅಣ್ಣ, ಇರಲಿ ಬಿಡು, ಯಾರು ಅಷ್ಟು ಕಿವಿಗೊಟ್ಟು ಕೇಳುತ್ತಾರೆ ಎಂದ.

ಊರಿಗೆ ಊರೇ ಕಿವಿಗೊಟ್ಟು ಕೇಳಿ ಕಣ್ಣೊರೆಸಿಕೊಂಡಿತು. ಈ ಹುಡುಗಿ ಯಾರನ್ನೋ ಕಳೆದುಕೊಂಡಿದ್ದಾಳೆ, ಎದೆ ಒಡೆದದ್ದು ಅಲ್ಲೇ ಎಂದು ಪತ್ರಿಕೆಗಳು ಬರೆದವು. ಯಾರನ್ನು ಎಂದು ಕೆದಕಿದವರಿಗೆ ಅಣ್ಣ, "ಅದೊಂದು ಕೇಳ್ಬೇಡಿ, ಪಾಪ" ಎಂದು ತಲೆ ತಗ್ಗಿಸುತ್ತಿದ್ದ. ಅವಳಿಗಂತೂ ಕಳೆದುಕೊಳ್ಳಲು ಅಲ್ಲಿಯತನಕ ಯಾರೂ ಸಿಕ್ಕಿರಲಿಲ್ಲ.

ಒಂಬತ್ತು ವರ್ಷ, ಪ್ರತಿ ಕಾರ್ಯಕ್ರಮದಲ್ಲೂ, ಆ ಸಾಲಿಗೆ ಬಂದಾಗ ಗಂಟಲು ಹಿಂಡಿ ದನಿ ಒಡೆಯಬೇಕಾಯಿತು. ಒಡೆದೂ ಒಡೆದೂ ಗಂಟಲಲ್ಲಿ ಗಂಟು ಬೆಳೆಯಿತು. ಡಾಕ್ಟರು ಅದನ್ನು ತೆಗೆದು, ಆರು ವಾರ ತುಟಿಪಿಟಕ್ಕೆನ್ನಬಾರದು, ಮತ್ತೆ ಗಂಟಲು ಹಿಂಡಿದರೆ ದನಿಯೇ ಹೋದೀತು ಎಂದು ಎಚ್ಚರಿಸಿದರು. ಅವಳು ಚೀಟಿ ಬರೆದು ತೋರಿಸುತ್ತ ಮನೆಯಲ್ಲಿ ಕೂತಳು. ಅವಳ ಪಾಲಿನ ಮಾತನ್ನೂ ಅಣ್ಣನೇ ಆಡಿದ.

ಮತ್ತೆ ಬಾಯಿಬಿಟ್ಟಾಗ ದನಿ ತೊಳೆದಿಟ್ಟ ಲೋಟದಂತೆ ಫಳಫಳ ಎನ್ನುತ್ತಿತ್ತು. ಅಣ್ಣನ ಮುಖ ಕಪ್ಪಿಟ್ಟಿತು.

ಚೇತರಿಸಿಕೊಂಡ ಮೇಲಿನ ಮೊದಲ ಕಾರ್ಯಕ್ರಮಕ್ಕೆ ಐದು ಸಾವಿರ ಜನ ಸೇರಿದರು. ಮೂರನೇ ಸಾಲನ್ನು ಅವಳು ಅಂಜುತ್ತಲೇ ನೇರವಾಗಿ ಹಾಡಿದಳು. ಸಭೆ ಒಂದು ಕ್ಷಣ ಕಾಯಿತು. ಆಮೇಲೆ ಐದು ಸಾವಿರ ಗಂಟಲು ಅದೇ ಸಾಲನ್ನು ಹಾಡುತ್ತ ತಾವೇ ಒಟ್ಟಿಗೆ ಒಡೆದವು. ಮುಂದೆ ಕೂತಿದ್ದ ಹೆಂಗಸೊಬ್ಬಳು ಬಿಕ್ಕಿ ಬಿಕ್ಕಿ ಅತ್ತಳು. ಗಾಯಕಿ ತನ್ನ ನೋವನ್ನು ನಮ್ಮ ಕೈಗೊಪ್ಪಿಸಿದಳು ಎಂದಿತು ಮರುದಿನದ ಪತ್ರಿಕೆ.

ಅವಳಿಗೆ ಸಾಕುಸಾಕಾಯಿತು. ಸಂದರ್ಶನಕ್ಕೆ ಬಂದ ವರದಿಗಾರ್ತಿಗೆ, "ಅವತ್ತು ನಂಗೆ ನೆಗಡಿ ಆಗಿತ್ತು. ಬೇರೇನೂ ಇಲ್ಲ" ಎಂದು ಹೇಳಿಯೇಬಿಟ್ಟಳು.

ವರದಿಗಾರ್ತಿ ಪೆನ್ನು ಕೆಳಗಿಟ್ಟು ಅವಳ ಕೈ ಹಿಡಿದುಕೊಂಡಳು. "ಅರ್ಥ ಆಗುತ್ತೆ ಮೇಡಂ. ನಾನೂ ಹೀಗೇ ಏನಾದ್ರೂ ಹೇಳಿ ನೋವು ಮುಚ್ಕೊಳ್ತೀನಿ."

ಆ ವಾರ ಹಾಡು ಕೇಳಿದವರು ದುಪ್ಪಟ್ಟಾದರು.

ಈಗ ಆ ಸಾಲು ಬಂದಾಗ ಅವಳು ಮೈಕನ್ನು ಜನರತ್ತ ಹಿಡಿದು, ಅವರು ಅತ್ತು ಮುಗಿಸುವವರೆಗೆ ಬಿಸಿನೀರು ಗುಟುಕರಿಸುತ್ತಾಳೆ. ಉಳಿದದ್ದನ್ನು ಮನಸಾರೆ ಹಾಡುತ್ತಾಳೆ. ಹಾಗೆ ಹಾಡುವುದು ಯಾರ ಗಮನಕ್ಕೂ ಬಂದಿಲ್ಲವೆಂದೇ ಅವಳು ತಿಳಿದಿದ್ದಳು. ಮೊನ್ನೆ ಅಣ್ಣನ ಹೆಂಡತಿ ಬಟ್ಟೆ ಮಡಚುತ್ತ, ತಲೆಯೆತ್ತದೆ, "ಈಗೀಗ ಚೆನ್ನಾಗಿ ಹಾಡ್ತೀಯ ಕಣೇ. ಮೊದ್ಲು ಕೇಳೋಕೇ ಹಿಂಸೆ ಆಗ್ತಿತ್ತು" ಎಂದಳು.

ಗಾಯಕಿ ಅತ್ತಿಗೆಯ ಪಕ್ಕ ಕೂತು ಒಂದು ಟವೆಲು ಎಳೆದುಕೊಂಡು ತಾನೂ ಮಡಚತೊಡಗಿದಳು. ಸಂಜೆಯವರೆಗೂ ಅವಳ ಮುಖದಲ್ಲಿ ನಗು ಮಾಸಲಿಲ್ಲ.