ರಬ್ಬರ್ ಸಾಕು

ತ್ಯಾಗರಾಜರು ಆ ಮಾತನ್ನು ಮೂರು ಶನಿವಾರ ಹೇಳಿದ್ದರು. ಮೂರು ಸಲವೂ ಶಮಂತ್ ಕೇಳಿಸಿಕೊಂಡಿದ್ದ. ಮಾಸ್ಕು, ಸಮುದ್ರದ ಗಾಳಿ, ನಡುವಿನ ಒಂದೂವರೆ ಮೀಟರ್ ಅಂತರ ಯಾವುದನ್ನೂ ನೆಪ ಮಾಡುವ ಹಾಗಿರಲಿಲ್ಲ.

ಅವರ ಕಾರು 1972ರ ಶೆವೆಲ್. ಎಂಟು ಸಿಲಿಂಡರಿನ, ಕಡುಹಸಿರು ಬಣ್ಣದ, ನೆದರ್‌ಲ್ಯಾಂಡ್ಸಿನ ಕಡಲತೀರದ ನೂರ್ಡ್‌ವೈಕ್‌ನ ಓಣಿಗಳಿಗೆ ಒಂದು ಅಳತೆ ದೊಡ್ಡದೇ ಆದ ಅಮೆರಿಕನ್ ಗಾಡಿ. ತ್ಯಾಗರಾಜರು ಮೈಸೂರಿನವರು. 1978ರಲ್ಲಿ ಇಲ್ಲಿನ ಬಾಹ್ಯಾಕಾಶ ಕೇಂದ್ರಕ್ಕೆ ಬಂದು, ನಿವೃತ್ತಿಯವರೆಗೂ ಒಂದೇ ಕೆಲಸ ಮಾಡಿದವರು. ಉಪಗ್ರಹಗಳನ್ನು ಹಾರಿಸುವ ಮೊದಲು ದೊಡ್ಡ ಮೇಜಿನ ಮೇಲೆ ಕಟ್ಟಿ ಗಡಗಡ ಅಲುಗಾಡಿಸಿ, ಯಾವುದು ಉಳಿಯುತ್ತದೆ, ಯಾವುದು ಮುರಿಯುತ್ತದೆ ಎಂದು ನೋಡುವ ಕೆಲಸ. ಎಂಬತ್ತೊಂಬತ್ತರಲ್ಲಿ, ಊರಿಗೆ ಮರಳುತ್ತಿದ್ದ ಅಮೆರಿಕದ ಸಹೋದ್ಯೋಗಿಯೊಬ್ಬನಿಂದ ಈ ಕಾರು ಕೊಂಡಿದ್ದರು. ಅಲ್ಲಿಂದ ಪ್ರತಿ ಏಪ್ರಿಲ್‌ನಲ್ಲೂ ಹೆಂಡತಿ ಪದ್ಮಿನಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಟುಲಿಪ್ ಹೊಲಗಳ ನಡುವೆ ಒಂದು ಸುತ್ತು ಹೋಗಿಬರುವುದು ವಾಡಿಕೆ. 2020ರಲ್ಲಿ ಮಾತ್ರ ಅದು ತಪ್ಪಿತು. ಆ ಮಾರ್ಚ್‌ನಿಂದ ಪದ್ಮಿನಿಯವರು ಆಸ್ಪತ್ರೆಗಲ್ಲದೆ ಹೊಸಲು ದಾಟಿರಲಿಲ್ಲ.

ಆಸ್ಪತ್ರೆಗೆ ಹೋದದ್ದು ನವೆಂಬರ್‌ನಲ್ಲಿ. ಬಚ್ಚಲಲ್ಲಿ ಜಾರಿ ಕೂತುಬಿಟ್ಟಿದ್ದರು. ಬೆನ್ನುಮೂಳೆಯ ಕೆಳಭಾಗದ ಒಂದು ಮಣಿ ಕುಸಿದಿತ್ತು. ಬಸ್ಸು ಬೇಡ, ಕಾರಿನಲ್ಲಿ ಅರ್ಧ ಗಂಟೆ ಕೂರಬಹುದು, ಅದೂ ಏಪ್ರಿಲ್ ಹೊತ್ತಿಗೆ ಎಂದು ಡಾಕ್ಟರು ಹೇಳಿದ್ದರು. ಇದೆಲ್ಲ ಶಮಂತ್‌ಗೆ ಗೊತ್ತಿತ್ತು. ಹಿತ್ತಿಲ ಮೆಟ್ಟಿಲ ಮೇಲೆ ಚಹಾದ ಫ್ಲಾಸ್ಕ್ ಇಟ್ಟು ಹಿಂದೆ ಸರಿಯುವಾಗ ಆಕೆ ಸೀರೆಯ ಮೇಲೆ ಬಿಗಿದುಕೊಂಡ ಅಗಲವಾದ ಬೆಲ್ಟನ್ನು ಅವನು ವಾರವಾರವೂ ನೋಡುತ್ತಿದ್ದ.

"ಈ ಏಪ್ರಿಲ್‌ಗೆ ಕರ್ಕೊಂಡು ಹೋಗ್ತೀಯೇನಪ್ಪ?" ಎಂದು ಆಕೆ ಮೆಟ್ಟಿಲಿಂದಲೇ ಕೇಳುತ್ತಿದ್ದರು. "ಇವರ ಲೈಸೆನ್ಸಂತೂ ಮುಗಿದುಹೋಗಿದೆ. ಕಣ್ಣು ಪರೀಕ್ಷೆಗೆ ಡೇಟ್ ಕೊಡೋಕ್ಕೇ ಕೊರೋನಾ ಅಡ್ಡ. ನೀನೇ ಡ್ರೈವರ್."

"ಗ್ಯಾರಂಟಿ ಆಂಟಿ."

ಶಮಂತ್‌ಗೆ ಇಪ್ಪತ್ತೆಂಟು ವರ್ಷ. ದ ಹೇಗ್‌ನಲ್ಲಿ ವಾಸ. ಹಾಸನದ ಕಾಲೇಜಿನಲ್ಲಿ ವಿದ್ಯಾರ್ಥಿಗಳೆಲ್ಲ ಸೇರಿ ಕಟ್ಟಿದ ರೇಸ್ ಕಾರಿನ ಸಸ್ಪೆನ್ಷನ್ ತನ್ನದೇ ಎಂದು ಈಗಲೂ ಹೇಳಿಕೊಳ್ಳುತ್ತಿದ್ದ. ಇಲ್ಲಿ ಅವನ ಕೆಲಸ ಲ್ಯಾಪ್‌ಟಾಪಿನ ಒಳಗೆ ಲಾರಿಗಳ ಮಾದರಿ ಓಡಿಸಿ ನೋಡುವುದು. ಲಾಕ್‌ಡೌನ್ ಬಂದ ಮೇಲೆ ಅದೂ ಮಲಗುವ ಕೋಣೆಯಿಂದಲೇ. ಹೀಗಾಗಿ ಕನ್ನಡ ಸಂಘದ ಆನ್‌ಲೈನ್ ರಾಜ್ಯೋತ್ಸವದಲ್ಲಿ ತ್ಯಾಗರಾಜರು "ನನ್ನ ಹಳೇ ಗಾಡಿ ನೋಡೋರು ಯಾರಾದ್ರೂ ಇದ್ದೀರಾ?" ಎಂದಾಗ ಮೊದಲು ಕೈಯೆತ್ತಿದ್ದು ಇವನು. ಕೈಗೆ ಗ್ರೀಸ್ ಹತ್ತುವ ಕೆಲಸಕ್ಕಾಗಿ ಅವನ ಜೀವ ಹಾತೊರೆಯುತ್ತಿತ್ತು.

ಇಲ್ಲಿ ಕಾರುಗಳಿಗೆ ಕಡ್ಡಾಯವಾದ ಎಪಿಕೆ ತಪಾಸಣೆಯವನು ಒಂದು ಮುಖ್ಯ ದೋಷ ಬರೆದುಕೊಟ್ಟಿದ್ದ. ಹಿಂದಿನ ಕಂಟ್ರೋಲ್ ಆರ್ಮ್‌ಗಳು ತುಕ್ಕು ತಿಂದಿವೆ, ಬದಲಿಸದೆ ರಸ್ತೆಗಿಳಿಸುವಂತಿಲ್ಲ. ಕಂಟ್ರೋಲ್ ಆರ್ಮ್ ಎಂದರೆ ಹಿಂದಿನ ಆ್ಯಕ್ಸಲನ್ನು ಗಾಡಿಯ ಚಾಸಿಗೆ ಹಿಡಿದಿಡುವ ಉಕ್ಕಿನ ತೋಳುಗಳು. ಕೆಳಗೆರಡು, ಮೇಲೆರಡು. ಪ್ರತಿ ತೋಳಿನ ಎರಡು ತುದಿಯಲ್ಲೂ ಒಂದೊಂದು ರಬ್ಬರ್ ಬುಷ್, ರಸ್ತೆಯ ಏಟು ಹೀರುವ ಬಳೆ. ಹಳೆಯ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು.

ಜನವರಿ ಕೊನೆಗೆ ಹೊಸ ನಿಯಮ ಬಂತು. ಒಂದು ಮನೆಗೆ ದಿನಕ್ಕೆ ಒಬ್ಬರೇ ಅತಿಥಿ. ಶನಿವಾರದ ಆ ಒಬ್ಬ ಅತಿಥಿ ಶಮಂತ್. ಅವನು ಕಾರಿನ ಕೆಳಗೆ ಮಲಗುತ್ತಿದ್ದ. ತ್ಯಾಗರಾಜರು ಗ್ಯಾರೇಜಿನ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ಉಣ್ಣೆಯ ಟೋಪಿ ಕಿವಿಗೆ ಎಳೆದುಕೊಂಡು ಕೂರುತ್ತಿದ್ದರು.

"ಏನು ಹಾಕಿಸ್ತೀಯ?" ಮೊದಲ ಶನಿವಾರ ಕೇಳಿದರು.

"ಮೂರು ದಾರಿ ಇದೆ ಸರ್. ಕಂಪನಿಯವರದ್ದೇ ನಮೂನೆ, ರಬ್ಬರ್ ಬುಷ್‌ದು. ಇಲ್ಲಾಂದ್ರೆ ಗಟ್ಟಿ ಪ್ಲಾಸ್ಟಿಕ್ ಬುಷ್. ಇಲ್ಲಾಂದ್ರೆ ದಪ್ಪ ಕೊಳವೆ ಆರ್ಮ್, ತುದೀಲಿ ಉಕ್ಕಿನ ಗುಂಡು ಜಾಯಿಂಟು."

"ರಬ್ಬರ್ ಸಾಕು."

"ಸರ್, ರಬ್ಬರ್ ಐವತ್ತು ವರ್ಷದ ಹಿಂದಿನ ಟೆಕ್ನಾಲಜಿ."

"ನನಗೆ ಎಪ್ಪತ್ತೇಳು. ನನ್ನನ್ನೂ ಬದಲಾಯಿಸ್ತೀಯೇನಯ್ಯ?"

ಇಬ್ಬರೂ ನಕ್ಕರು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಶಮಂತ್ ಬಿಡಲಿಲ್ಲ. ಆ ವಾರವಿಡೀ ಕೂತು ಎಕ್ಸೆಲ್ ಹಾಳೆ ಮಾಡಿದ. ಹದಿನಾಲ್ಕು ಬಗೆಯ ಆರ್ಮ್, ಪ್ರತಿಯೊಂದಕ್ಕೂ ತೂಕ, ಗಟ್ಟಿತನ, ಉದ್ದ ಹೊಂದಿಸಲು ಬರುತ್ತದೋ ಇಲ್ಲವೋ, ತಿರುವಿನಲ್ಲಿ ಆ್ಯಕ್ಸಲ್ ಎಷ್ಟು ಸರಿಯುತ್ತದೆ. ಅಮೆರಿಕದ ಫೋರಂಗಳಲ್ಲಿ ಜನ ಬೈದಾಡಿಕೊಂಡದ್ದನ್ನೆಲ್ಲ ಓದಿದ.

ಎರಡನೇ ಶನಿವಾರ ತ್ಯಾಗರಾಜರು ವಾದಕ್ಕೆ ಸಿದ್ಧರಾಗಿಯೇ ಕೂತಿದ್ದರು. "ನೋಡು, ಮೇಲಿನ ಎರಡು ತೋಳು ಓರೆಯಾಗಿ ಕೂತಿವೆ. ಒಂದು ಚಕ್ರ ಮಾತ್ರ ಎದ್ದಾಗ ಬುಷ್ ತಿರುಚಿಕೊಳ್ಳಬೇಕು. ನಿನ್ನ ಗಟ್ಟಿ ಪ್ಲಾಸ್ಟಿಕ್ ತಿರುಚಲ್ಲ, ಹಿಡ್ಕೊಂಡ್ಬಿಡತ್ತೆ. ರಬ್ಬರ್ ಸಾಕು."

ಮುದುಕರ ಲೆಕ್ಕ ಸರಿಯಾಗಿತ್ತು. ಶಮಂತ್ ಪ್ಲಾಸ್ಟಿಕ್ಕಿನ ಸಾಲುಗಳನ್ನೆಲ್ಲ ಅಳಿಸಿ, ಮೂರನೇ ಶನಿವಾರ ಗೆಲುವಿನ ಮುಖ ಹೊತ್ತು ಬಂದ. "ಹಾಗಾದ್ರೆ ಗುಂಡು ಜಾಯಿಂಟೇ ಸರ್. ಎಲ್ಲ ಕಡೆಗೂ ತಿರುಗತ್ತೆ, ಎಲ್ಲೂ ಹಿಡಿಯಲ್ಲ. ನಿಮ್ಮ ಆಕ್ಷೇಪಣೆಗೆ ಪೂರ್ತಿ ಉತ್ತರ."

ತ್ಯಾಗರಾಜರು ಸ್ವಲ್ಪ ಹೊತ್ತು ಗಲ್ಲ ಉಜ್ಜಿಕೊಂಡರು. "ಆದ್ರೂ ರಬ್ಬರ್ ಸಾಕಿತ್ತು," ಎಂದರು. "ಆಯ್ತು, ನಿನ್ನಿಷ್ಟ."

ಆ ಸಂಜೆ ಅವನ ಜೊತೆಗೇ ಫ್ಲಾಟಿನಲ್ಲಿದ್ದ ಹಾಲಪ್ಪ, ರಾಣೆಬೆನ್ನೂರಿನವನು, ಬ್ಯಾಂಕೊಂದರ ಐಟಿ ನೌಕರ, ಎಕ್ಸೆಲ್ ಹಾಳೆಯನ್ನು ಭುಜದ ಮೇಲಿಂದ ಇಣುಕಿ ನೋಡಿದ.

"ಲೇ, ಇದರಾಗ ಕುಂದ್ರೋರ ಯಾರಲೇ?"

"ಸರ್ರು, ಆಂಟಿ."

"ಇಬ್ರೂ ಕೂಡಿ ರೇಸ್ ಹೊಡ್ಯಾಕ ಹೊಂಟಾರೇನು?"

"ನಿಂಗೆ ಅರ್ಥ ಆಗಲ್ಲ, ಸುಮ್ನಿರು."

"ನಂಗ ಅರ್ಥ ಆಗೂದಿಲ್ಲ ಬಿಡಪಾ. ಆ ಮುದುಕ ಮೂರ ವಾರದಿಂದ ರಬ್ಬರ್ ಅನ್ನಾಕತ್ತಾನ, ನಿನಗ ಅರ್ಥ ಆತೇನು?"

ಶಮಂತ್ ಆರ್ಡರ್ ಒತ್ತಿದ. ಗುಂಡು ಜಾಯಿಂಟಿನ ನಾಲ್ಕು ತೋಳು, ಜೊತೆಗೆ ಆ ಕಂಪನಿಯವರೇ ಶಿಫಾರಸು ಮಾಡಿದ, ಹಳೆಯದಕ್ಕಿಂತ ಬಿಗಿಯಾದ ಹಿಂದಿನ ಸ್ಪ್ರಿಂಗ್.

ಹಡಗುಗಳೆಲ್ಲ ತಡವಾಗುತ್ತಿದ್ದ ಕಾಲ ಅದು. ಅಮೆರಿಕದಿಂದ ಪೆಟ್ಟಿಗೆ ಬಂದು ಮುಟ್ಟಿದ್ದು ಒಂಬತ್ತು ವಾರದ ಮೇಲೆ. ಅಷ್ಟರಲ್ಲಿ ಏಪ್ರಿಲ್ ಹತ್ತಾಗಿತ್ತು. ಆ ವರ್ಷ ಚಳಿ ಜಾಸ್ತಿಯಾಗಿ ಹೂವೂ ತಡವಾಯಿತೆಂಬುದು ಒಂದು ಪುಣ್ಯ. ಶಮಂತ್ ಎರಡು ದಿನ ರಜೆ ಹಾಕಿ ತೋಳು, ಸ್ಪ್ರಿಂಗ್ ಜೋಡಿಸಿದ. ತಪಾಸಣೆ ಪಾಸಾಯಿತು. ಪರೀಕ್ಷೆಗೆಂದು ಒಬ್ಬನೇ ಹೆದ್ದಾರಿಗೆ ಒಯ್ದ. ಕನ್ನಡಿಯಂಥ ಡಾಂಬರಿನ ಮೇಲೆ ಗಾಡಿ ಗೆರೆ ಎಳೆದಂತೆ ಹೋಯಿತು. ತಿರುವಿನಲ್ಲಿ ಹಿಂಭಾಗ ಒಂದಿಷ್ಟೂ ಕದಲಲಿಲ್ಲ. ವಾಪಸು ಬರುವಾಗ, ಮನೆಯ ಮುಂದಿನ ಇಟ್ಟಿಗೆ ಹಾಸಿದ ಬೀದಿಯಲ್ಲಿ, ಸೀಟಿನ ಕೆಳಗೆ ಟಣ್ ಟಣ್ ಸದ್ದು ಕೇಳಿತು. ಒಂದೊಂದು ಇಟ್ಟಿಗೆಯೂ ತೊಡೆಗೆ ತಿಳಿಯುತ್ತಿತ್ತು. ರಸ್ತೆ ಎಷ್ಟು ಚೆನ್ನಾಗಿ ಕೈಗೆ ಸಿಗುತ್ತಿದೆ ಎಂದು ಅವನು ಹಿಗ್ಗಿದ.

ಇಪ್ಪತ್ತನಾಲ್ಕನೇ ತಾರೀಖು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊರಟರು. ಪದ್ಮಿನಿಯವರು ಹಸಿರು ರೇಷ್ಮೆಗೆ ಹೊಂದುವ ಮಾಸ್ಕ್ ತಾವೇ ಹೊಲಿದುಕೊಂಡಿದ್ದರು. ಮಡಿಲಲ್ಲಿ ಅವಲಕ್ಕಿಯ ಡಬ್ಬಿ. ಮುಂದಿನ ಸೀಟಿನಲ್ಲಿ ಎರಡು ದಿಂಬು ಇಟ್ಟು, ಗಂಡ ಒಂದು ಕೈ, ಬಾಗಿಲಿನ ಹಿಡಿ ಒಂದು ಕೈ ಹಿಡಿದು ಕೂರಲು ಐದು ನಿಮಿಷವಾಯಿತು. ತ್ಯಾಗರಾಜರು ಹಿಂದೆ ಕೂತರು. ಕಿಟಕಿ ಎಲ್ಲ ಇಳಿಸಿದ್ದರು.

"ನೋಡಿ, ಶೋಫರ್ ಇಟ್ಕೊಂಡಿರೋ ನಿಮ್ಮ ಹೆಂಡ್ತಿ," ಎಂದರು ಪದ್ಮಿನಿ ಹಿಂದಕ್ಕೆ ತಿರುಗಲಾರದೆ, ಕನ್ನಡಿಯಲ್ಲೇ ಗಂಡನನ್ನು ನೋಡಿ.

"ಬಾಡಿಗೆ ನೀನೇ ಕೊಡು," ಎಂದರು ಅವರು.

ಮನೆಯಿಂದ ದೊಡ್ಡ ರಸ್ತೆಗೆ ಎಂಟುನೂರು ಮೀಟರ್. ಪೂರ್ತಿ ಇಟ್ಟಿಗೆ, ನಡುನಡುವೆ ವೇಗ ತಗ್ಗಿಸುವ ಉಬ್ಬು. ಮೊದಲ ಉಬ್ಬಿನಲ್ಲಿ ಪದ್ಮಿನಿಯವರ ಮಾತು ನಿಂತಿತು. ಕೈ ಬಾಗಿಲ ಹಿಡಿಗೆ ಹೋಯಿತು.

"ಸ್ವಲ್ಪ ನಿಧಾನ ಹೋಗಪ್ಪ."

"ಹದಿನೈದರಲ್ಲೇ ಇದೀನಿ ಆಂಟಿ."

ಎರಡನೇ ಉಬ್ಬಿಗೆ ಅವನು ಗಾಡಿಯನ್ನು ಬಹುತೇಕ ನಿಲ್ಲಿಸಿಯೇ ಹತ್ತಿಸಿದ. ಹಿಂದಿನ ಚಕ್ರ ಇಳಿಯುವಾಗ ಉಕ್ಕಿಗೆ ಉಕ್ಕು ಬಡಿದ ಸದ್ದು ಸೀಟಿನ ಒಳಗಿಂದಲೇ ಬಂದಂತಾಯಿತು. ಪದ್ಮಿನಿಯವರ ಬಾಯಿಂದ ಒಂದು ಸಣ್ಣ ದನಿ ಹೊರಟಿತು, ಬಿಸಿ ಪಾತ್ರೆ ಮುಟ್ಟಿದಾಗ ಹೊರಡುವಂಥದ್ದು. ಅವಲಕ್ಕಿಯ ಡಬ್ಬಿ ಕಾಲಡಿಗೆ ಬಿತ್ತು.

"ನಿಲ್ಸಪ್ಪ. ನಿಲ್ಸು."

ನಿಲ್ಲಿಸಿದ. ಆಕೆ ಇಳಿದರು. ಗಂಡನ ತೋಳು ಹಿಡಿದು, ಯಾರದೋ ಮನೆಯ ಗಿಡ್ಡ ಕಾಂಪೌಂಡಿನ ಮೇಲೆ ಕೈಯೂರಿ, ಕಣ್ಣು ಮುಚ್ಚಿ ನಿಂತರು. ಮತ್ತೆ ಕಾರು ಹತ್ತಲು ಒಪ್ಪಲಿಲ್ಲ. ಮನೆ ನಾನೂರು ಮೀಟರ್ ಹಿಂದೆ ಇತ್ತು.

ಇಬ್ಬರೂ ನಡೆದುಕೊಂಡು ಹೊರಟರು. ಆಗ ಏನು ಮಾಡಬೇಕೆಂದು ತಿಳಿಯದೆ ಶಮಂತ್ ಗಾಡಿ ತಿರುಗಿಸಿ, ನಡಿಗೆಯ ವೇಗದಲ್ಲಿ ಅವರ ಹಿಂದೆಯೇ ಬಂದ. ಎಂಟು ಸಿಲಿಂಡರು ಗುಡುಗುಡು ಎನ್ನುತ್ತಿತ್ತು. ವರ್ಷದಿಂದ ಒಳಗೇ ಕೂತಿದ್ದ ಬೀದಿಯ ಜನ ಕಿಟಕಿಗಳಿಗೆ ಬಂದು ನೋಡಿದರು. ಯಾರೋ ಒಬ್ಬ ಕಾರು ಚೆಂದವಿದೆ ಎಂದು ಹೆಬ್ಬೆರಳು ಎತ್ತಿ ತೋರಿಸಿದ. ಮುಂದೆ ಹಸಿರು ಸೀರೆ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಆ ನಾನೂರು ಮೀಟರಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು.

ಸೋಮವಾರ ಎಕ್ಸ್‌ರೇ ತೆಗೆದರು. ಪಕ್ಕದ ಇನ್ನೊಂದು ಮಣಿ ಕುಸಿದಿತ್ತು. ಅದು ಆ ಸವಾರಿಯಿಂದಲೇ ಆಯಿತೆಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಆರು ವಾರ ಹಾಸಿಗೆ ಎಂದರು.

ಸುದ್ದಿ ಕೇಳಿದ ಹಾಲಪ್ಪ ಚೇಷ್ಟೆ ಮಾಡಲಿಲ್ಲ. "ರಬ್ಬರಿಂದು ಎಲ್ಲಿ ಸಿಗ್ತಾವ ನೋಡು," ಎಂದಷ್ಟೇ ಹೇಳಿದ. ನೋಡಿದರೆ, ರೈಲಿನಲ್ಲಿ ಒಂದು ಗಂಟೆ ದೂರದ ಅಂಗಡಿಯೊಂದರಲ್ಲೇ ಇದ್ದವು. ಜನವರಿಯಲ್ಲೂ ಇದ್ದಿರಬೇಕು. ಎಕ್ಸೆಲ್ ಹಾಳೆಯಲ್ಲಿ ಮೊದಲ ಸಾಲು ಅದೇ. ಅದರ ಮುಂದಿನ ಖಾನೆಗಳನ್ನು ಶಮಂತ್ ತುಂಬಿಸಿಯೇ ಇರಲಿಲ್ಲ. ಆರ್ಡರ್ ಮಾಡಿದ ಎರಡೇ ದಿನಕ್ಕೆ ಪೆಟ್ಟಿಗೆ ಬಾಗಿಲಿಗೆ ಬಂತು.

ಮೇ ತಿಂಗಳ ಎರಡು ಶನಿವಾರ ಅವನು ಗ್ಯಾರೇಜಿನಲ್ಲಿ ಒಬ್ಬನೇ ಕೆಲಸ ಮಾಡಿದ, ಹಳೆಯ ಸ್ಪ್ರಿಂಗನ್ನೂ ವಾಪಸು ಹಾಕಿದ. ಕುರ್ಚಿ ಗೋಡೆಗೆ ಒರಗಿಸಿತ್ತು. ಮೆಟ್ಟಿಲ ಮೇಲೆ ಚಹಾ ಬರಲಿಲ್ಲ, ಬರಲೆಂದು ಅವನೂ ಕಾಯಲಿಲ್ಲ. ಎರಡನೇ ಶನಿವಾರ ಕೊನೆಯ ಬೋಲ್ಟ್ ಬಿಗಿಯುವ ಹೊತ್ತಿಗೆ ತ್ಯಾಗರಾಜರು ಹೊರಗೆ ಬಂದರು. ಟೋಪಿ ಇರಲಿಲ್ಲ. ಕೂದಲು ಬಾಚಿರಲಿಲ್ಲ.

"ಸರ್," ಎಂದ ಶಮಂತ್ ಕಾರಿನ ಕೆಳಗಿಂದ ಹೊರಬಂದು. ಕೈಯ ಗ್ರೀಸ್ ಒರೆಸಿಕೊಂಡ. "ನೀವು ಹೇಳಿದ್ರಿ. ಮೂರು ಸಲ."

"ಏನು ಹೇಳ್ದೆ?" ಅವರು ಕುರ್ಚಿಯ ಕಡೆ ನೋಡಿದರು, ಕೂರಲಿಲ್ಲ. "ತೋಳು ಓರೆ ಇದೆ ಅಂದೆ. ತಿರುಚತ್ತೆ ಅಂದೆ. ಅವಳ ಬೆನ್ನು ತಡೆಯಲ್ಲ ಕಣೋ ಅಂತ ಹೇಳಿದ್ನಾ? ನಾವು ಇಂಜಿನಿಯರಿಂಗ್ ಮಾತಾಡ್ತಿದ್ವಲ್ಲ, ಮಧ್ಯ ಮನೆ ವಿಷಯ ಯಾಕೆ ಅಂತ ಸುಮ್ನಿದ್ದೆ. ಮೂವತ್ತು ವರ್ಷ ಅಲುಗಾಡಿಸೋದೇ ನನ್ನ ಕೆಲ್ಸ ಆಗಿತ್ತು. ಪ್ರತಿ ಉಪಗ್ರಹಕ್ಕೂ ಕೇಳ್ತಿದ್ವಿ, ಇದು ಎಷ್ಟು ತಡೆಯತ್ತೆ, ಎಷ್ಟರ ಮೇಲೆ ಮುರಿಯತ್ತೆ ಅಂತ."

"ಬೆಲ್ಟ್ ನಾನೂ ನೋಡಿದ್ದೆ ಸರ್. ಪ್ರತಿ ವಾರ."

ಹೋಗ್ಲಿ ಬಿಡು ಎನ್ನುತ್ತಾರೇನೋ ಎಂದು ಶಮಂತ್ ಒಂದು ಕ್ಷಣ ಆಸೆಪಟ್ಟ. ಅವರು ಅನ್ನಲಿಲ್ಲ. ಒಳಗೆ ಹೋಗಿ ಒಂದು ಸ್ಟೀಲ್ ಬಟ್ಟಲಿನ ಅಂಚಿಗೆ ಒಂದು ಬೆರಳು ಬಿಟ್ಟು ನೀರು ತುಂಬಿಸಿ ತಂದು ಕೊಟ್ಟರು.

"ಅವಳ ಸೀಟಿನ ಮೇಲಿಟ್ಟು ಒಂದು ಸುತ್ತು ಹೋಗಿ ಬಾ."

ಶಮಂತ್ ಎರಡು ದಿಂಬಿನ ನಡುವೆ ಬಟ್ಟಲನ್ನು ಕೂರಿಸಿ ಹೊರಟ. ಮೊದಲ ಉಬ್ಬು, ಎರಡನೇ ಉಬ್ಬು, ಆ ಗಿಡ್ಡ ಕಾಂಪೌಂಡು. ನೀರು ಅಂಚಿಗೆ ಬಂದು ನಡುಗಿತು, ಹೊರಗೆ ಚೆಲ್ಲಲಿಲ್ಲ. ಟಣ್ ಎನ್ನುವ ಸದ್ದು ಇರಲಿಲ್ಲ. ಗಾಡಿ ಹಳೆಯ ಸೋಫಾದ ಹಾಗೆ ತೂಗಿಕೊಂಡು ಹೋಗುತ್ತಿತ್ತು. ಅವನು ದೊಡ್ಡ ರಸ್ತೆ ದಾಟಿ ಹೊಲಗಳವರೆಗೂ ಹೋದ.

ಹೂ ಇರಲಿಲ್ಲ. ಗೆಡ್ಡೆ ಬಲಿಯಲೆಂದು ಯಂತ್ರ ಹರಿಸಿ ತಲೆಗಳನ್ನೆಲ್ಲ ಕತ್ತರಿಸಿದ್ದರು. ಹೊಲದ ಅಂಚಿನಲ್ಲಿ ಕೆಂಪು, ಹಳದಿ ರಾಶಿ ಬಿದ್ದು ಕೊಳೆಯುತ್ತಿತ್ತು. ಉಳಿದದ್ದು ಸಾಲು ಸಾಲು ಹಸಿರು ದಂಟು. ಅವನು ಇಳಿಯದೆ ಗಾಡಿ ತಿರುಗಿಸಿದ.

ತ್ಯಾಗರಾಜರು ಗ್ಯಾರೇಜಿನ ಬಾಗಿಲಲ್ಲೇ ಕಾಯುತ್ತಿದ್ದರು. ಕಿಟಕಿಯಿಂದ ಬಗ್ಗಿ ಬಟ್ಟಲು ನೋಡಿದರು. ಬೆರಳಿಂದ ದಿಂಬು ಮುಟ್ಟಿ, ಒದ್ದೆಯಾಗಿದೆಯೋ ಎಂದು ಪರೀಕ್ಷಿಸಿದರು. ಆಗಿರಲಿಲ್ಲ.

"ಸರಿಯಾಯ್ತು," ಎಂದರು.

ಮಹಡಿಯ ಕಿಟಕಿಯಿಂದ ಪದ್ಮಿನಿಯವರ ದನಿ ಕೇಳಿತು. "ಯಾರು? ಶಮಂತನಾ? ಹೂ ಇದೆಯೇನಪ್ಪ ಇನ್ನೂ?"

ಶಮಂತ್ ತ್ಯಾಗರಾಜರ ಮುಖ ನೋಡಿದ. ಅವರು ನೀರನ್ನು ಗಿಡದ ಬುಡಕ್ಕೆ ಚೆಲ್ಲುತ್ತಿದ್ದರು, ತಲೆ ಎತ್ತಲಿಲ್ಲ.

"ಇಲ್ಲ ಆಂಟಿ," ಎಂದ. "ಕತ್ತರಿಸಿಬಿಟ್ಟಿದಾರೆ."

ತ್ಯಾಗರಾಜರು ಬಟ್ಟಲನ್ನು ಒರೆಸಿ ಒಳಗೆ ಹೋಗುವಾಗ ಹೇಳಿದರು, "ಹೊದಿಕೆ ಹೊದಿಸಿ, ಬಾಗಿಲು ಎಳ್ಕೊಂಡು ಹೋಗು. ಗಾಳಿಗೆ ಮರಳು ಬರತ್ತೆ."